ಸಾಯುವವರನ್ನು ಕೇಳುವವರಾರು?

ನೆದರ್‌ಲ್ಯಾಂಡ್ಸ್‌ಗೆ ಬಂದು ವರ್ಷಗಳಾದರೂ ಇಲ್ಲಿನವರು ಸಾವಿನ ಬಗ್ಗೆ ಮಾತನಾಡುವ ರೀತಿ ನನಗಿನ್ನೂ ಒಗ್ಗಿಲ್ಲ. ಕಳೆದ ವಾರ ಪಕ್ಕದ ಮನೆಯ ವೃದ್ಧೆ, ಬೇಲಿಯ ಗುಲಾಬಿ ಗಿಡದ ಒಣರೆಂಬೆಗಳನ್ನು ಕತ್ತರಿಸುತ್ತಲೇ, ತಮ್ಮ ಅಕ್ಕ ಶುಕ್ರವಾರ ಮಧ್ಯಾಹ್ನ ತೀರಿಕೊಳ್ಳಲಿದ್ದಾರೆಂದು, ಹಲ್ಲಿನ ಡಾಕ್ಟರ ಬಳಿ ಸಮಯ ಗೊತ್ತುಮಾಡಿಕೊಂಡಷ್ಟೇ ಸಲೀಸಾಗಿ ಹೇಳಿದರು. ವಾಸಿಯಾಗದ, ತಾಳಲಾರದ ಯಾತನೆಯಿರುವ ರೋಗಿ ತಾನಾಗಿಯೇ ಕೋರಿಕೊಂಡರೆ, ಮತ್ತೊಬ್ಬ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆದು, ವೈದ್ಯರು ಜೀವ ಕೊನೆಗೊಳಿಸಲು ಇಲ್ಲಿನ ಕಾನೂನು 2002ರಿಂದ ಅವಕಾಶ ಕೊಟ್ಟಿದೆ. ನನ್ನ ಮುಖ ನೋಡಿ ಅವರೇ ಕೇಳಿದರು: "ನಿಮ್ಮಲ್ಲಿ ಸಾಯುವವರ ಇಷ್ಟವನ್ನು ಯಾರೂ ಕೇಳುವುದಿಲ್ಲವೇ?"

ಕೊಪ್ಪಳದ ನಮ್ಮ ದೊಡ್ಡಪ್ಪನನ್ನು ಯಾರೂ ಕೇಳಿರಲಿಲ್ಲ. ಕ್ಯಾನ್ಸರ್ ಎಂಬುದು ಓಣಿಗೆಲ್ಲ ಗೊತ್ತಿತ್ತು, ಅವರಿಗೊಬ್ಬರಿಗೆ ಮಾತ್ರ ಅದು ಹೊಟ್ಟೆಯ ಹುಣ್ಣು. "ಅಪ್ಪಗ ಏನೂ ಹೇಳಿಲ್ಲೋ, ನೀನೂ ಬಾಯಿ ಬಿಡಬ್ಯಾಡ" ಎಂದು ಅಣ್ಣ ಫೋನಿನಲ್ಲಿ ಎಚ್ಚರಿಸಿದ್ದ. ಜೀವಮಾನವೆಲ್ಲ ಭಜನೆ ಹಾಡಿದ ಆ ಮನುಷ್ಯ ಹುಬ್ಬಳ್ಳಿಯ ಐಸಿಯುನಲ್ಲಿ, ಗಂಟಲಿಗೆ ನಳಿಕೆ ಹಾಕಿಸಿಕೊಂಡು, ಒಂದು ಮಾತೂ ಆಡದೆ ಹೋದರು.

ಅವರ ತಾಯಿ, ನಮ್ಮ ಅಜ್ಜಿ, ಹೋದದ್ದೇ ಬೇರೆ ಬಗೆ. ಒಂದು ದಿನ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಇನ್ನ ಸಾಕು, ಇಬತ್ತಿ ಹಚ್ಚರಿ" ಎಂದು ವಿಭೂತಿ ಕೇಳಿದರು. ಮಾತನಾಡಿಸಿಕೊಂಡು ಹೋಗಲು ಬಂದವರಿಂದ ಪಡಸಾಲೆ ತುಂಬಿತು. ಯಾರಿಗೆ ಎಷ್ಟು ಸಾಲ ಕೊಡಬೇಕೆಂಬುದನ್ನೂ ಅಜ್ಜಿಯೇ ನೆನಪಿಸಿದರು. ಶರಣರಿಗೆ ಮರಣವೇ ಮಹಾನವಮಿ ಎನ್ನುವ ನಾಡಿನಲ್ಲಿ ಇದೇನೂ ವಿಶೇಷವಲ್ಲ. ಕೊಪಣವೆಂಬ ಜೈನರ ಮಹಾತೀರ್ಥವಾಗಿದ್ದ ಇದೇ ಊರಿನ ಗುಡ್ಡಗಳಲ್ಲಿ ಸಲ್ಲೇಖನ, ಅಂದರೆ ಅನ್ನ ನೀರು ಬಿಟ್ಟು ದೇಹ ತೊರೆಯುವ ವ್ರತ, ಕೈಗೊಂಡವರ ಶಾಸನಗಳಿವೆ. ಆದರೆ ಅಜ್ಜಿಯ ನೋವಿಗೆ ಒಂದು ಗುಳಿಗೆಯೂ ಇರಲಿಲ್ಲ ಎಂಬುದನ್ನು ಮರೆತು ಹಳೆಯ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ.

ದಿನ ಗೊತ್ತುಮಾಡಿಕೊಂಡು ಸಾಯುವುದನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಪಕ್ಕದ ಮನೆಯ ವೃದ್ಧೆಯ ಆ ಪ್ರಶ್ನೆ ನ್ಯಾಯವಾದದ್ದು. ಗುಣವಾಗುವ ಆಸೆಯಿಲ್ಲದಾಗ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲೇ ಮಾನ್ಯ ಮಾಡಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು; ಇಬ್ಬರು ಸಾಕ್ಷಿಗಳೂ ನೋಟರಿಯೂ ಇದ್ದರೆ ಆಯಿತು. ಅದರ ಜಾರಿಗಾಗಿ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿದೆ. ಭಾನುವಾರ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಬಿಡ್ತು ಅನ್ನು ಎಂದು ಗದರುತ್ತಾರೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಕಾಗದ ಮಾಡಸೂಣು ತಗೋ. ಆದರ ನಿಮ್ಮವ್ವಗ ಹೇಳಬ್ಯಾಡ" ಎಂದರು.