ಇನ್ವರ್ಟರ್ ಕೆಲಸ: ಬ್ಯಾಟರಿ ಫ್ಯೂಸ್ 150 ಆಂಪೋ, 200 ಆಂಪೋ?

ಬ್ಯಾಟರಿ ಪೆಟ್ಟಿಗೆ ಮುಗಿಯಿತು. 280 ಆಂಪ್-ಅವರ್‌ನ ಎಂಟು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, ಸಾಲಾಗಿ ಸೇರಿಸಿ 25.6 ವೋಲ್ಟ್. ಇನ್ವರ್ಟರ್ ಚಾರ್ಜರ್ 3 ಕೆವಿಎ, ನಿರಂತರ 2400 ವ್ಯಾಟ್. ಈ ವಾರ ಇವೆರಡರ ನಡುವಿನ ಫ್ಯೂಸ್.

2400ನ್ನು 25.6ರಿಂದ ಭಾಗಿಸಿದರೆ 94 ಆಂಪ್. ಆದರೆ ಬ್ಯಾಟರಿ ಖಾಲಿಯಾಗುತ್ತ ಬಂದಾಗ ವೋಲ್ಟೇಜ್ 22.4ಕ್ಕೆ ಇಳಿಯುತ್ತದೆ. ಇನ್ವರ್ಟರ್ ಒಳಗೆ ಶೇ 10ರಷ್ಟು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅಲ್ಲಿಗೆ 119 ಆಂಪ್. ಸುರಕ್ಷತೆಗೆ ಅಂತ ಕಾಲು ಭಾಗ ಸೇರಿಸಿದರೆ 149. ಹಾಗಾದರೆ 150 ಸಾಕು, ಅಲ್ವಾ?

ನನಗೆ ಸಮಾಧಾನ ಆಗಲಿಲ್ಲ. 50 ಹರ್ಟ್ಜ್ ಎಸಿ ಮಾಡುವ ಇನ್ವರ್ಟರ್ ಬ್ಯಾಟರಿಯಿಂದ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಹಾಗಾಗಿ ಫ್ಯೂಸ್ ಸರಾಸರಿ ಲೆಕ್ಕಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ. ಮೇಲೆ ಪಂಪ್ ಸ್ಟಾರ್ಟ್ ಆಗುವಾಗಿನ ಎಳೆತ, ಪೆಟ್ಟಿಗೆಯೊಳಗಿನ ಸೆಕೆ. 200 ಅಂತ ತೀರ್ಮಾನಿಸಿದೆ.

ಆದರೆ ಫ್ಯೂಸ್ ಇರುವುದು ಇನ್ವರ್ಟರ್ ಉಳಿಸಲಿಕ್ಕಲ್ಲ, ಕೇಬಲ್ ಹೊತ್ತಿಕೊಳ್ಳದಿರಲಿ ಅಂತ. ಮನೆಯಲ್ಲಿದ್ದ 25 ಸ್ಕ್ವೇರ್ ಎಂಎಂ ಕೇಬಲ್‌ಗೆ 200 ಹಾಕಿದರೆ ಫ್ಯೂಸ್ ಆರಾಮಾಗಿರುತ್ತದೆ, ಕೇಬಲ್ ಕರಗುತ್ತದೆ. ಹಾಗಾಗಿ 50 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್ ತಂದೆ.

ನಿಜಕ್ಕೂ ತಲೆ ತಿಂದಿದ್ದು ಫ್ಯೂಸ್ ಯಾವ ಜಾತಿಯದು ಅನ್ನುವ ಪ್ರಶ್ನೆ. ಸೆಲ್, ಬಸ್‌ಬಾರ್ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ), ಕೇಬಲ್ ಎಲ್ಲದರ ರೆಸಿಸ್ಟೆನ್ಸ್ ಸೇರಿ 3 ಮಿಲಿಓಮ್ ಹಿಡಿದರೂ ಶಾರ್ಟ್ ಆದಾಗ 8500 ಆಂಪ್ ಹರಿಯುತ್ತದೆ. ಫ್ಯೂಸ್ ಅಷ್ಟು ಕರೆಂಟನ್ನೂ ಸುರಕ್ಷಿತವಾಗಿ ಕಡಿಯಬೇಕು. ಕಾರ್ ಆಡಿಯೋದವರು ಬಳಸುವ ಎಎನ್‌ಎಲ್ ಫ್ಯೂಸ್ ಒಳ್ಳೆಯ ಕಂಪನಿಯದಾದರೂ 32 ವೋಲ್ಟ್‌ನಲ್ಲಿ ಕಡಿಯುವುದು 6000 ಆಂಪ್‌ವರೆಗೆ. ಕ್ಲಾಸ್ ಟಿ ಅನ್ನುವ ಜಾತಿಯ ಫ್ಯೂಸ್ 20,000ದವರೆಗೆ ಕಡಿಯುತ್ತದೆ.

ಬೆಂಗಳೂರಿನ ಎಸ್‌ಪಿ ರೋಡ್‌ನ ಅಂಗಡಿಯಲ್ಲಿ ಕೇಳಿದೆ. "ಎಚ್‌ಆರ್‌ಸಿ ಹಾಕ್ಕೊಳ್ಳಿ ಸಾರ್, ಎಲ್ಲಾ ಒಂದೇ" ಅಂದರು. ಎಚ್‌ಆರ್‌ಸಿ ಅಂದರೆ ದೊಡ್ಡ ಕರೆಂಟ್ ಕಡಿಯಬಲ್ಲ ಫ್ಯೂಸ್. ಡಿಸಿ ರೇಟಿಂಗ್ ಬರೆದಿದ್ದರೆ ಅದು ಕೆಟ್ಟದ್ದೇನಲ್ಲ. ಅವರು ಕೊಟ್ಟದ್ದರ ಮೇಲೆ ಬರೀ 415 ವೋಲ್ಟ್ ಎಸಿ ಇತ್ತು. ಎಸಿ ಪ್ರತಿ ಸುತ್ತಿನಲ್ಲೂ ಎರಡು ಸಲ ಸೊನ್ನೆಗೆ ಬರುವುದರಿಂದ ಫ್ಯೂಸ್ ಕಡಿಯುವಾಗ ಏಳುವ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವಿಲ್ಲ. ಕೊನೆಗೆ ಕ್ಲಾಸ್ ಟಿ ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ ಮಾತ್ರ ಕೇಳಬೇಡಿ.

ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ ಕೂರಿಸಿದ್ದೇನೆ. ಟರ್ಮಿನಲ್‌ನಿಂದ ಫ್ಯೂಸ್‌ವರೆಗಿನ ತುಂಡಿಗೆ ಯಾರ ಕಾವಲೂ ಇಲ್ಲ, ಅದು ಗಿಡ್ಡವಿದ್ದಷ್ಟೂ ಒಳ್ಳೆಯದು. ಕೇಬಲ್ ಲಗ್ (ಕೇಬಲ್ ತುದಿಗೆ ಒತ್ತಿ ಕೂರಿಸುವ ತೂತಿನ ತುಂಡು) ನೇರವಾಗಿ ಫ್ಯೂಸ್‌ನ ತಾಮ್ರಕ್ಕೆ ತಾಗಬೇಕು, ವಾಷರ್ ಅದರ ಮೇಲೆ. ಸ್ಟೀಲ್ ವಾಷರ್ ನಡುವೆ ಸಿಕ್ಕಿಕೊಂಡರೆ ಆ ಜಾಗವೇ ಬಿಸಿಯಾಗುತ್ತದೆ.

2 ಕಿಲೋವ್ಯಾಟ್ ಗೀಸರ್ ಹಾಕಿ ನೋಡಿದೆ. ಕ್ಲ್ಯಾಂಪ್ ಮೀಟರ್‌ನಲ್ಲಿ 86 ಆಂಪ್. ನೀರು ಕಾದು ಥರ್ಮೋಸ್ಟ್ಯಾಟ್ ಕಟ್ ಆದ ಮೇಲೆ ಲಗ್ ಮುಟ್ಟಿದರೆ ಬರೀ ಬೆಚ್ಚಗಿತ್ತು.

ಮುಂದಿನ ಕೆಲಸ ಪ್ರೀ-ಚಾರ್ಜ್ ರೆಸಿಸ್ಟರ್, ಅಂದರೆ ಕೆಪಾಸಿಟರನ್ನು ಮೊದಲು ನಿಧಾನವಾಗಿ ತುಂಬಿಸುವ ರೆಸಿಸ್ಟರ್. ಈಗ ಐಸೊಲೇಟರ್ (ಬ್ಯಾಟರಿಯನ್ನು ಬೇರ್ಪಡಿಸುವ ಸ್ವಿಚ್) ಹಾಕಿದಾಗಲೆಲ್ಲ ಇನ್ವರ್ಟರ್‌ನ ಕೆಪಾಸಿಟರ್ ಒಮ್ಮೆಗೇ ಕರೆಂಟ್ ಎಳೆದು ಟಪ್ ಅಂತ ಕಿಡಿ ಹಾರುತ್ತಿದೆ.