ಹಸಿ ಹಲಸಿನ ಹೂದಾನಿ

ಪಕ್ಕದ ಮನೆಯವರು ಹಲಸಿನ ಕೊಂಬೆ ಕಡಿಸಿದ್ದು ಮೊನ್ನೆ. ಇಂದು ಬೆಳಿಗ್ಗೆ ಅದರ ಒಂದು ತುಂಡು ನನ್ನ ಲೇಥ್ ಮೇಲೆ ಗರಗರ ತಿರುಗುತ್ತಿತ್ತು. ಹಸಿ ಮರ ಕಡೆಯುವ ಸುಖವೇ ಬೇರೆ. ಧೂಳಿಲ್ಲ, ಉಳಿ ತಾಗಿದರೆ ಸಾಕು, ಸಿಪ್ಪೆ ಉದ್ದುದ್ದ ಸುರುಳಿಯಾಗಿ ಬರುತ್ತದೆ. ನೀರೂ ಚಿಮ್ಮುತ್ತದೆ, ಕನ್ನಡಕವನ್ನು ಎರಡು ಸಲ ಒರೆಸಿದೆ. ಅಂಗಿಗೆ ಹತ್ತಿದ ಮೇಣದ ಬಗ್ಗೆ ಮನೆಯಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.

ಚನ್ನಪಟ್ಟಣದವರು ಹಾಲೆ ಮರವನ್ನು ಒಣಗಿಸಿ ಕಡೆಯುತ್ತಾರೆ, ಗೊಂಬೆಯ ಅಳತೆ ತಪ್ಪುವಂತಿಲ್ಲವಲ್ಲ. ನನ್ನ ಹೂದಾನಿಗೆ ಆ ಹಂಗಿಲ್ಲ. ಒಣಗುವಾಗ ಮರ ತನ್ನ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಾಗಾಗಿ ನಾನು ಗುಂಡಗೆ ಕಡೆದದ್ದನ್ನು ಅದು ಮೊಟ್ಟೆಯಾಕಾರಕ್ಕೆ ತಿದ್ದಿಕೊಳ್ಳುತ್ತದೆ. ಕೊನೆಯ ಕೈ ಮರದ್ದೇ, ನನ್ನದಲ್ಲ. ಕಳೆದ ಸಲ ತಳವನ್ನು ದಪ್ಪ ಬಿಟ್ಟಿದ್ದೆ, ನಡುರಾತ್ರಿ ಟಪ್ಪೆಂದು ಸೀಳಿತು. ಈ ಸಲ ತಿರುಳು ತೆಗೆದ ತುಂಡು, ಗೋಡೆ ಎಲ್ಲೆಡೆ 6 ಮಿಲಿಮೀಟರ್.

ಈಗ ಅರಿಶಿನ ಬಣ್ಣದ ಹೂದಾನಿ ಕಾಗದದ ಚೀಲದೊಳಗೆ, ತನ್ನದೇ ಸಿಪ್ಪೆಯ ನಡುವೆ, ನಿಧಾನವಾಗಿ ಒಣಗಲೆಂದು ಮಲಗಿದೆ. ಒಂದು ತಿಂಗಳು ಇಣುಕಬಾರದೆಂದುಕೊಂಡಿದ್ದೆ. ಊಟಕ್ಕೆ ಮೊದಲೇ ಎರಡು ಸಲ ಇಣುಕಿಯಾಯಿತು.