ಹಾನ್ಲೆಯ ಸುಳ್ಳು ಬೆಳಗು

2024ರ ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ. ಬೆಳಗಿನ ಜಾವ ನಾಲ್ಕಕ್ಕೆ ಚಾಲಕ ಬಾಗಿಲು ತಟ್ಟಿದಾಗ ಅಂಗಳದ ಬಕೆಟ್ಟಿನಲ್ಲಿ ನೀರು ಹೆಪ್ಪುಗಟ್ಟಿತ್ತು. ನಾನು ಲಡಾಖಿನ ಹಾನ್ಲೆಗೆ ಬಂದದ್ದು ಧೂಮಕೇತುವಿಗಾಗಿ. ಸೂರ್ಯನನ್ನು ಸುತ್ತಿ ಹೊರಟಿದ್ದ ತ್ಸುಚಿನ್‌ಶಾನ್–ಅಟ್ಲಾಸ್ ಆ ದಿನಗಳಲ್ಲಿ ಸೂರ್ಯೋದಯಕ್ಕೆ ಮುಂಚೆ ಪೂರ್ವದಲ್ಲಿ ಮೂಡುತ್ತಿತ್ತು.

ಹಾನ್ಲೆಯ ಹೆಸರು ನನಗೆ ಊರಿನಲ್ಲೇ ಪರಿಚಯ. ಅಲ್ಲಿನ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಬೆಂಗಳೂರಿನ ದೀಪಗಳು ನುಂಗಿದ ಆಕಾಶದ ಕೆಳಗೆ ಕುಳಿತವರು ಇಷ್ಟು ದೂರದ ಇರುಳನ್ನು ನೋಡುತ್ತಾರೆ ಎಂಬುದು ನನ್ನನ್ನು ವರ್ಷಗಳಿಂದ ಕಾಡಿತ್ತು.

ಲೇಹ್‌ನಿಂದ ಸುಮಾರು 250 ಕಿಲೋಮೀಟರ್ ದಾರಿ. ಬಹುಪಾಲು ಸಿಂಧೂ ನದಿಯ ಪಕ್ಕದಲ್ಲೇ ಸಾಗುತ್ತದೆ. ಚುಮಾಥಾಂಗ್‌ನಲ್ಲಿ ತಣ್ಣನೆಯ ನದಿಯ ದಡದಲ್ಲೇ ಬಿಸಿನೀರಿನ ಬುಗ್ಗೆಗಳು ಹಬೆಯಾಡುತ್ತವೆ. ಲೋಮಾ ದಾಟಿದ ಮೇಲೆ ಬಯಲು, ಕಾಡುಕತ್ತೆಗಳ ಹಿಂಡು, ಮತ್ತೆ ಬಯಲು.

ಊರು ತಲುಪಿದಾಗ ಕತ್ತಲಾಗುತ್ತಿತ್ತು. ಮನೆಯೊಡತಿ ಚಹಾ ಕೊಡುವುದಕ್ಕೂ ಮೊದಲು ಕಿಟಕಿಗಳ ದಪ್ಪ ಪರದೆ ಎಳೆದರು. ಒಂದು ಗೆರೆಯಷ್ಟು ಬೆಳಕೂ ಹೊರಬೀಳಬಾರದು. ಹಾನ್ಲೆಯ ಸುತ್ತಲಿನ ಪ್ರದೇಶ 2022ರಿಂದ ಕತ್ತಲೆಯ ಆಕಾಶದ ರಕ್ಷಿತ ತಾಣ. ಊರಿನವರೇ ತರಬೇತಿ ಪಡೆದು, ಬಂದವರಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ. ಕಾಡನ್ನೋ ಕೆರೆಯನ್ನೋ ಕಾಯುವವರನ್ನು ಕಂಡಿದ್ದೆ. ಕತ್ತಲೆಯನ್ನು ಕಾಯುವವರನ್ನು ಕಂಡದ್ದು ಇದೇ ಮೊದಲು, ಅವರ ಮೇಲೆ ನನಗೆ ಹುಟ್ಟಿದ ಗೌರವ ಸಣ್ಣದಲ್ಲ.

ಆ ಬೆಳಗಿನ ಜಾವ ಹೊರಗೆ ಬಂದವನು ಪೂರ್ವಕ್ಕೆ ನೋಡಿ ಪೆಚ್ಚಾದೆ. ಆಗಲೇ ಬೆಳಕಾಗಿಬಿಟ್ಟಿದೆ, ಧೂಮಕೇತು ಕೈತಪ್ಪಿತು ಎಂದುಕೊಂಡೆ. ಗುಡ್ಡದ ಸಾಲಿನಿಂದ ಬಿಳಿಯ ಬೆಳಕೊಂದು ಗೋಪುರದಂತೆ ಎದ್ದು ನಿಂತಿತ್ತು. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು, ತುಸು ವಾಲಿದಂತಿತ್ತು. ಅದರೊಳಗೆ ಮಘಾ ನಕ್ಷತ್ರ, ಇನ್ನೂ ಮೇಲೆ ಮಂಗಳ. ಅಂಚು ಎಲ್ಲಿ ಮುಗಿಯಿತು ಎಂದು ಹುಡುಕಿದರೆ ಸಿಗದು, ಕಣ್ಣು ಪಕ್ಕಕ್ಕೆ ಸರಿಸಿದರೆ ಇನ್ನಷ್ಟು ಸ್ಪಷ್ಟ. ಮಘೆಗೆ ಪಿತೃಗಳೇ ದೇವತೆ, ಆ ದಿನವೂ ಅವರದೇ. ಅಪ್ಪ ಇದ್ದಿದ್ದರೆ ಎಂದುಕೊಂಡೆ.

"ಇದು ಬೆಳಗಲ್ಲ," ಎಂದರು ಚಾಲಕ. ಅವರು ಕಾರ್ಗಿಲ್ ಕಡೆಯವರು. ನೆಟ್ಟಗೆ ಏಳುವುದು ಸುಳ್ಳು ಬೆಳಗು, ಅಡ್ಡಕ್ಕೆ ಹರಡುವುದು ನಿಜವಾದದ್ದು, ನಮಾಜಿಗೆ ಅದಕ್ಕೇ ಕಾಯಬೇಕು ಎಂದು ವಿವರಿಸಿದರು. ಹಳಬರು ಇದನ್ನು ತೋಳದ ಬಾಲ ಎನ್ನುತ್ತಿದ್ದರಂತೆ.

ಖಗೋಳಜ್ಞರು ಇದನ್ನು ರಾಶಿಚಕ್ರದ ಬೆಳಕು ಎನ್ನುತ್ತಾರೆ. ಗ್ರಹಗಳು ಸುತ್ತುವ ಸಮತಲದಲ್ಲಿ ನುಣ್ಣನೆಯ ದೂಳು ಹರಡಿಕೊಂಡಿದೆ. ಸೂರ್ಯನ ಬಿಸಿಲು ಅದರ ಮೇಲೆ ಬಿದ್ದು ಚದುರಿ ನಮ್ಮ ಕಣ್ಣಿಗೆ ಬರುತ್ತದೆ. ಶರತ್ಕಾಲದ ಮುಂಜಾವದಲ್ಲಿ ಆ ಸಮತಲ ದಿಗಂತಕ್ಕೆ ಕಡಿದಾಗಿ ನಿಲ್ಲುವುದರಿಂದ ಬೆಳಕು ಹೀಗೆ ಎದ್ದು ಕಾಣುತ್ತದೆ. ಆ ದೂಳಿನಲ್ಲಿ ಕ್ಷುದ್ರಗ್ರಹಗಳ ಪುಡಿಯೂ ಇದೆ, ಹೆಚ್ಚಿನದು ಧೂಮಕೇತುಗಳು ಉದುರಿಸಿಹೋದದ್ದು. ಒಂದು ಧೂಮಕೇತುವನ್ನು ಹುಡುಕಿಕೊಂಡು ಬಂದವನ ಮುಂದೆ ಎಂದೋ ಹಾದುಹೋದ ಅಸಂಖ್ಯ ಧೂಮಕೇತುಗಳ ದೂಳು ಹೊಳೆಯುತ್ತಿತ್ತು. ಹೊಸಕೋಟೆಯ ಮೇಲೂ ಇದೇ ಬೆಳಕು ಪ್ರತಿ ವರ್ಷ ಏಳುತ್ತಿರುತ್ತದೆ. ಐವತ್ತೆರಡು ವರ್ಷ ನನಗದು ಕಂಡಿರಲಿಲ್ಲ.

ನನ್ನ ಧೂಮಕೇತು ಗುಡ್ಡದ ಮರೆಯಿಂದ ಹೊರಬರುವಷ್ಟರಲ್ಲಿ ಆಕಾಶ ಬೆಳ್ಳಗಾಗಿತ್ತು, ಕಾಣಲಿಲ್ಲ. ಗೋಪುರ ಮೊದಲು ಬುಡದಲ್ಲಿ ಕರಗಿತು. ದಿಗಂತದುದ್ದಕ್ಕೂ ಬೂದುಬಣ್ಣ ಅಡ್ಡಕ್ಕೆ ಹರಡಿತು. ಚಾಲಕ ಜೀಪಿನ ಹಿಂದಿನ ಸೀಟಿನಿಂದ ಚಾಪೆ ತೆಗೆದು ನೆಲಕ್ಕೆ ಹಾಸಿ, ಬೆಳಗಿಗೆ ಬೆನ್ನು ಮಾಡಿ, ಪಶ್ಚಿಮಕ್ಕೆ ಮುಖವಿಟ್ಟು ನಿಂತರು.